‘ಇಲ್ಲ’ ಎನ್ನುವುದಕ್ಕೂ ಬೆಳಕು ಬೇಕು

ಎರಡು ವರ್ಷದ ಹಿಂದಿನ ಮಾತು. ನಮ್ಮ ಲ್ಯಾಬಿಗೆ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬಂದಿದ್ದ ಹುಡುಗಿಯೊಬ್ಬಳು ಒಂದು ಪ್ರಿಂಟ್‌ಔಟ್ ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತಳು. ಅವಳೇ ತಯಾರಿಸಿದ, ಅವಳೇ ಹರಳು ಬೆಳೆಸಿದ ಒಂದು ಸಂಯುಕ್ತದ ಚಿತ್ರ ಅದು. ಹರಳಿನೊಳಗೆ ಅಣುಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ ಎಂದು ತೋರಿಸುವ ಚಿತ್ರ. ಒಂದು ಅಣುವಿನ ಹೈಡ್ರೋಜನ್ನಿನಿಂದ ಪಕ್ಕದ ಅಣುವಿನ ಫ್ಲೋರಿನ್ನಿಗೆ ಅವಳೊಂದು ಚುಕ್ಕೆ ಗೆರೆ ಎಳೆದಿದ್ದಳು. ಗೆರೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ 2.36 ಎಂದು ಬರೆದಿತ್ತು.

“ಅಕ್ಕ, ಇದು ಬಾಂಡ್ ಇರಬಹುದಾ?”

ನಾನು ಕಂಪ್ಯೂಟರಿನಿಂದ ಪೂರ್ತಿ ತಲೆಯನ್ನೂ ಎತ್ತಲಿಲ್ಲ. “ಇಲ್ಲಮ್ಮ, ಫ್ಲೋರಿನ್ ಹಂಗೆಲ್ಲ ಮಾಡಲ್ಲ. ಜಾಗ ಸಾಲದೆ ಹತ್ತಿರ ಬಂದಿದೆ, ಅಷ್ಟೆ. ಗೆರೆ ತೆಗೆದುಬಿಡು.”

ಅವಳು ತೆಗೆದಳು. ಪ್ರಾಜೆಕ್ಟ್ ವರದಿಯಲ್ಲಿ ಆ ಚಿತ್ರ ಗೆರೆಯಿಲ್ಲದೆ ಅಚ್ಚಾಯಿತು. ಒಳ್ಳೆಯ ಅಂಕ ಬಂತು. ಅವಳು ಒಂದು ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ನಡೆದದ್ದು ಇಷ್ಟೇ. ಯಾರೂ ಅಳಲಿಲ್ಲ, ಯಾರೂ ಜಗಳವಾಡಲಿಲ್ಲ.

ಆದರೆ ಈಗ ಯೋಚಿಸಿದರೆ ಒಂದು ಲೆಕ್ಕ ತಪ್ಪಿದ್ದು ಕಾಣುತ್ತದೆ. ಅವಳು ‘ಇದೆ’ ಎಂದು ಹಟ ಹಿಡಿದಿದ್ದರೆ ಕೇಳಲು ನನ್ನ ಬಳಿ ಸಾಲು ಸಾಲು ಪ್ರಶ್ನೆಗಳಿದ್ದವು. ಕೋನ ಎಷ್ಟು? ಯಾವ ಉಷ್ಣತೆಯಲ್ಲಿ ಅಳೆದದ್ದು? ಇದೇ ಬಗೆಯ ಬೇರೆ ಸಂಯುಕ್ತಗಳಲ್ಲಿ ಹೀಗೆ ಕಾಣುತ್ತದೆಯೇ? ನನ್ನ ‘ಇಲ್ಲ’ಕ್ಕೆ ಇವುಗಳಲ್ಲಿ ಒಂದನ್ನೂ ನಾನು ಕೇಳಿಕೊಳ್ಳಲಿಲ್ಲ. ‘ಇದೆ’ ಎನ್ನುವವರು ಪುರಾವೆ ಕೊಡಬೇಕು, ‘ಇಲ್ಲ’ ಎನ್ನುವವರಿಗೆ ಅದು ಬೇಕಿಲ್ಲ ಎಂಬುದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಆ ಕಾನೂನು ನ್ಯಾಯವೇ ಎಂದು ನಾನು ಮೊದಲ ಸಲ ಕೇಳಿಕೊಂಡದ್ದು ಜೂನ್ ಸೂಟರ್ ಎಂಬ ರಸಾಯನಶಾಸ್ತ್ರಜ್ಞೆಯ ಬಗ್ಗೆ ಓದಿದಾಗ.

*

ಸೂಟರ್ ಅವರ ಕಥೆಗೆ ಹೋಗುವ ಮೊದಲು ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಹರಳಿನ ಮೇಲೆ ಎಕ್ಸ್-ರೇ ಬಿಟ್ಟಾಗ ಅದು ನಾನಾ ದಿಕ್ಕಿಗೆ ಚದುರುತ್ತದೆ. ಯಾವ ದಿಕ್ಕಿಗೆ ಎಷ್ಟು ಚದುರಿತು ಎಂಬುದರಿಂದ ಒಳಗಿನ ಪರಮಾಣುಗಳು ಎಲ್ಲೆಲ್ಲಿವೆ ಎಂದು ಲೆಕ್ಕ ಹಾಕುತ್ತೇವೆ. ಅವುಗಳ ನಡುವಿನ ದೂರವನ್ನು ಆಂಗ್‌ಸ್ಟ್ರಾಂಗಳಲ್ಲಿ ಅಳೆಯುತ್ತೇವೆ. ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ ಒಂದು ಆಂಗ್‌ಸ್ಟ್ರಾಂ. ಅಣುವಿನೊಳಗಿನ ಗಟ್ಟಿ ಬಂಧಗಳನ್ನು ತುಂಬುಗೆರೆಯಿಂದ ಬರೆಯುತ್ತೇವೆ. ಒಂದು ಅಣುವಿಗೂ ಇನ್ನೊಂದಕ್ಕೂ ನಡುವಿನ ದುರ್ಬಲ ಸೆಳೆತಗಳನ್ನು ಚುಕ್ಕೆ ಗೆರೆಯಿಂದ.

ಚುಕ್ಕೆ ಗೆರೆಗಳಲ್ಲೆಲ್ಲ ಪ್ರಸಿದ್ಧವಾದದ್ದು ಹೈಡ್ರೋಜನ್ ಬಂಧ. ನೀರಿನ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನ ಕಡೆ ವಾಲುತ್ತದೆ. ಆ ವಾಲುವಿಕೆ ಇರುವುದರಿಂದಲೇ ನೀರು ಕೋಣೆಯ ಉಷ್ಣತೆಯಲ್ಲಿ ಆವಿಯಾಗಿ ಹಾರಿಹೋಗದೆ ಲೋಟದಲ್ಲಿ ನಿಲ್ಲುತ್ತದೆ. ಇಂಥ ಬಂಧಕ್ಕೆ ಹೈಡ್ರೋಜನ್ ಆಕ್ಸಿಜನ್, ನೈಟ್ರೋಜನ್, ಫ್ಲೋರಿನ್ ಥರದ ಎಲೆಕ್ಟ್ರಾನ್ ದುರಾಸೆಯ ಪರಮಾಣುವಿಗೆ ಅಂಟಿಕೊಂಡಿರಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಕಾರ್ಬನ್ನಿಗೆ ಅಂಥ ದುರಾಸೆ ಇಲ್ಲ. ಹಾಗಾಗಿ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್ ಯಾರ ಕಡೆಗೂ ವಾಲುವಂತಿಲ್ಲ. ಕ್ಲೋರೋಫಾರ್ಮನ್ನು ಅಸಿಟೋನಿಗೆ ಬೆರೆಸಿದರೆ ಮಿಶ್ರಣ ಬೆಚ್ಚಗಾಗುವುದನ್ನು ಕಂಡು, ಇಲ್ಲಿ ಏನೋ ಇದೆ ಎಂದು ಅನುಮಾನಪಟ್ಟವರು ಇದ್ದರು. ಆದರೆ ಹರಳುಗಳ ಲೋಕದಲ್ಲಿ ನಿಯಮ ನಿಯಮವೇ ಆಗಿತ್ತು.

ಜೂನ್ ಸೂಟರ್ 1929ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದವರು. ಅಲ್ಲಿ ರಸಾಯನಶಾಸ್ತ್ರ ಓದಿ, ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದು ಹರಳುಗಳ ರಚನೆ ಬಿಡಿಸುವ ಕೆಲಸಕ್ಕೆ ಇಳಿದರು. 1958ರಲ್ಲಿ ಅವರು ಪ್ರಕಟಿಸಿದ ರಚನೆಗಳಲ್ಲಿ ಎರಡು ನಮಗೂ ಪರಿಚಿತ ವಸ್ತುಗಳವು: ಒಂದು ಕಾಫಿಯ ಕೆಫೀನ್, ಇನ್ನೊಂದು ಉಬ್ಬಸದ ಔಷಧಿಯಾದ ಥಿಯೋಫಿಲಿನ್. ಈ ಅಣುಗಳಲ್ಲಿ ಒಂದು ಕಾರ್ಬನ್ ಎರಡು ನೈಟ್ರೋಜನ್‌ಗಳ ನಡುವೆ ಸಿಕ್ಕಿಕೊಂಡಿದೆ. ಅಕ್ಕಪಕ್ಕದವರ ಎಳೆತಕ್ಕೆ ಅದರ ಹೈಡ್ರೋಜನ್ ಸ್ವಲ್ಪ ಬಡವಾಗಿದೆ. ಅಂಥ ಹೈಡ್ರೋಜನ್ ಆಕ್ಸಿಜನ್ನಿನ ಸಹವಾಸ ಬಯಸಿದರೆ ಆಶ್ಚರ್ಯವಿಲ್ಲ.

ಆಮೇಲೆ ಅವರು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿಗೆ ಬಂದರು. 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ, ಮರುವರ್ಷ ಒಂದು ದೊಡ್ಡ ಲೇಖನ ಪ್ರಕಟಿಸಿದರು. ಅವರ ವಾದ ಸರಳವಾಗಿತ್ತು. ಹೈಡ್ರೋಜನ್ನಿಗೆ, ಆಕ್ಸಿಜನ್ನಿಗೆ ಬೇಕಾದ ಜಾಗವನ್ನು ಕೂಡಿದರೆ ಸುಮಾರು 2.6 ಆಂಗ್‌ಸ್ಟ್ರಾಂ. ಹಲವು ರಚನೆಗಳಲ್ಲಿ ಕಾರ್ಬನ್ನಿನ ಮೇಲಿನ ಹೈಡ್ರೋಜನ್ ಇದಕ್ಕಿಂತ ಹತ್ತಿರ ಬಂದಿದೆ. ಸೆಳೆತವಿಲ್ಲದೆ ಹೀಗೆ ಮತ್ತೆ ಮತ್ತೆ ಹತ್ತಿರ ಬರುವುದೇಕೆ? ಎರಡನೆಯ ಲೇಖನದ ಶೀರ್ಷಿಕೆಯಲ್ಲಿ ಅವರು ‘ಸಾಕ್ಷ್ಯ’ ಎಂಬ ಪದವನ್ನೇ ಬಳಸಿದರು.

1968ರಲ್ಲಿ ಜೆರ್ರಿ ಡೊನೊಹ್ಯೂ ಒಂದು ಗ್ರಂಥದಲ್ಲಿ ಹೈಡ್ರೋಜನ್ ಬಂಧದ ಬಗ್ಗೆ ಅಧ್ಯಾಯ ಬರೆದರು. ಅದರಲ್ಲಿ ಸೂಟರ್ ಅವರ ವಾದವನ್ನು ಎತ್ತಿಕೊಂಡು, ಅಂಥ ಬಂಧವೇ ಇಲ್ಲ ಎಂದು ತೀರ್ಪು ಕೊಟ್ಟರು. ಡೊನೊಹ್ಯೂ ಸಾಮಾನ್ಯರಲ್ಲ. 1953ರಲ್ಲಿ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಅವರ ಕೋಣೆಯಲ್ಲೇ ಕೂತು ಕೆಲಸ ಮಾಡುತ್ತಿದ್ದವರು. ಡಿಎನ್‌ಎಯ ಕೆಲವು ಪ್ರತ್ಯಾಮ್ಲಗಳಲ್ಲಿ ಹೈಡ್ರೋಜನ್ ಇರುವ ಜಾಗವನ್ನು ಪಠ್ಯಪುಸ್ತಕಗಳು ತಪ್ಪಾಗಿ ಬರೆದಿವೆ ಎಂದು ವಾಟ್ಸನ್‌ಗೆ ಹೇಳಿದವರು ಅವರೇ. ಆ ತಿದ್ದುಪಡಿ ಇಲ್ಲದಿದ್ದರೆ ಜೋಡಿ ಸುರುಳಿಯ ಮೆಟ್ಟಿಲುಗಳು ಒಂದಕ್ಕೊಂದು ಕೂರುತ್ತಿರಲಿಲ್ಲ. ಪಠ್ಯಪುಸ್ತಕವನ್ನು ನಂಬದೆ ಹೈಡ್ರೋಜನ್ನಿನ ಜಾಗವನ್ನು ಸರಿಯಾಗಿ ಹೇಳಿದ ಮನುಷ್ಯ, ಹದಿನೈದು ವರ್ಷದ ನಂತರ ಇನ್ನೊಂದು ಹೈಡ್ರೋಜನ್ನಿನ ವಿಷಯದಲ್ಲಿ ಪಠ್ಯಪುಸ್ತಕದ ಪಕ್ಷ ವಹಿಸಿದರು.

ಆ ಹೊತ್ತಿಗೆ ಸೂಟರ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರ ಪ್ರಯೋಗಾಲಯ ಸೇರಿದ್ದರು. ಮನುಷ್ಯರ ಮೂತ್ರಕೋಶದಲ್ಲಿ, ಮೂತ್ರಪಿಂಡದಲ್ಲಿ ಬೆಳೆಯುವ ಕಲ್ಲುಗಳನ್ನು ಎಕ್ಸ್-ರೇಯಿಂದ ಪರೀಕ್ಷಿಸಿ, ಅವು ಯಾವ ವಸ್ತುಗಳಿಂದಾಗಿವೆ, ಬೆಳೆಯದಂತೆ ಹೇಗೆ ತಡೆಯಬಹುದು ಎಂದು ಹುಡುಕುವ ಕೆಲಸ. ಒಂದರ ಕಾರಣಕ್ಕೆ ಇನ್ನೊಂದಾಯಿತು ಎಂದು ಇದನ್ನು ಓದಬಾರದು. ಅದು ಬೆಲೆಯುಳ್ಳ ಕೆಲಸ, ಅದನ್ನವರು ವರ್ಷಗಟ್ಟಲೆ ಮಾಡಿದರು. ಆದರೆ ಸ್ಫಟಿಕಶಾಸ್ತ್ರಜ್ಞರಲ್ಲಿ ಬಹಳ ಮಂದಿ ಕಾರ್ಬನ್ನಿನ ಹೈಡ್ರೋಜನ್ನಿನಿಂದ ಚುಕ್ಕೆ ಗೆರೆ ಎಳೆಯಲು ಹಿಂಜರಿದರು ಎಂಬುದು ಮಾತ್ರ ನಿಜ.

1982ರಲ್ಲಿ ಕೇಂಬ್ರಿಜ್‌ನ ರಾಬಿನ್ ಟೇಲರ್ ಮತ್ತು ಓಲ್ಗಾ ಕೆನ್ನಾರ್ಡ್, ಎಕ್ಸ್-ರೇಯ ಬದಲು ನ್ಯೂಟ್ರಾನ್‌ಗಳಿಂದ ಅಳೆದ 113 ರಚನೆಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸೂಟರ್ ಹೇಳಿದ ಬಂಧ ಅಲ್ಲಿತ್ತು. ಅವರ ಲೇಖನದ ಶೀರ್ಷಿಕೆಯಲ್ಲೂ ‘ಸಾಕ್ಷ್ಯ’ವಿತ್ತು. ಮುಂದೆ ಹೈದರಾಬಾದಿನಲ್ಲಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗೌತಮ್ ದೇಸಿರಾಜು ಇಂಥ ದುರ್ಬಲ ಬಂಧಗಳನ್ನೇ ಬಳಸಿ ಹರಳುಗಳನ್ನು ಬೇಕಾದಂತೆ ಕಟ್ಟುವ ಶಾಸ್ತ್ರವನ್ನು ಬೆಳೆಸಿದರು. ಹೈಡ್ರೋಜನ್ ಬಂಧ ಎಂದರೇನು ಎಂದು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ 2011ರಲ್ಲಿ ಹೊಸದಾಗಿ ಬರೆದುಕೊಂಡಾಗ, ಕಾರ್ಬನ್ನಿಗೂ ಅದರಲ್ಲಿ ಜಾಗ ಸಿಕ್ಕಿತು. ಆ ಕಾರ್ಯತಂಡದ ಅಧ್ಯಕ್ಷರೂ ಅದೇ ವಿಜ್ಞಾನ ಸಂಸ್ಥೆಯ ಇ. ಅರುಣನ್. ಸೂಟರ್ 1990ರಲ್ಲಿ ತೀರಿಕೊಂಡಿದ್ದರು. ಅವರಿಗೂ ಈ ವಿವಾದಕ್ಕೂ ಮೀಸಲಾದ ಒಂದು ವಿಸ್ತಾರವಾದ ಲೇಖನವನ್ನು ಕಾರ್ಲ್ ಶ್ವಾಲ್ಬೆ ಬರೆದದ್ದು 2012ರಲ್ಲಿ.

*

ಈ ಕಥೆಯಿಂದ ಒಂದು ಸುಲಭದ ನೀತಿ ಹೊರಡುತ್ತದೆ. ಸತ್ಯ ಹೇಳಿದವಳನ್ನು ದೊಡ್ಡವರು ತಳ್ಳಿಹಾಕಿದರು, ಕೊನೆಗೆ ಸತ್ಯ ಗೆದ್ದಿತು. ಮೊದಲ ಸಲ ಓದಿದಾಗ ನನ್ನ ಕಣ್ಣೂ ತುಂಬಿತ್ತು. ಎರಡನೆಯ ಸಲ ಓದಿದಾಗ ಮಾತ್ರ ಒಂದು ಕಸಿವಿಸಿ ಶುರುವಾಯಿತು. ಸೂಟರ್ ಪಟ್ಟಿ ಮಾಡಿದ ಹೈಡ್ರೋಜನ್‌ಗಳ ಜಾಗ ಅವರಿಗಾದರೂ ಖಚಿತವಾಗಿ ಗೊತ್ತಿತ್ತೇ?

ಎಕ್ಸ್-ರೇಯನ್ನು ಚದುರಿಸುವುದು ಎಲೆಕ್ಟ್ರಾನ್‌ಗಳು. ಹೈಡ್ರೋಜನ್ನಿಗೆ ಇರುವುದೇ ಒಂದು ಎಲೆಕ್ಟ್ರಾನ್, ಅದೂ ಬಂಧದ ಕಡೆಗೆ ಎಳೆದುಹೋಗಿರುತ್ತದೆ. ಹಾಗಾಗಿ ಎಕ್ಸ್-ರೇಗೆ ಹೈಡ್ರೋಜನ್ ಕಾಣುವುದು ಮಸುಕಾಗಿ, ಅದೂ ಇರುವ ಜಾಗಕ್ಕಿಂತ ಈಚೆಗೆ. ಕಾರ್ಬನ್ನಿನಿಂದ 1.08 ಆಂಗ್‌ಸ್ಟ್ರಾಂ ದೂರದಲ್ಲಿರುವುದು 0.95ರಲ್ಲಿ ಇದ್ದಂತೆ ತೋರುತ್ತದೆ. ಇನ್ನು 1960ರ ಸುಮಾರಿನ ಅಳತೆಗಳಲ್ಲಿ ಈ ಮಸುಕು ಎಷ್ಟಿದ್ದಿರಬೇಡ! ಡೊನೊಹ್ಯೂ ಅವರ ಆಕ್ಷೇಪದಲ್ಲಿ ಹುರುಳಿತ್ತು. ಎಷ್ಟು ಹತ್ತಿರ ಬಂದರೆ ‘ಹತ್ತಿರ’ ಎನ್ನಬೇಕು ಎಂಬ ಗಡಿಯನ್ನು ಸೂಟರ್ ಉದಾರವಾಗಿ ಹಾಕಿಕೊಂಡಿದ್ದಾರೆ ಎಂಬುದು ಅವರ ವಾದ. ಹತ್ತಿರ ಬಂದದ್ದನ್ನೆಲ್ಲ ಬಂಧ ಎಂದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಂತವರೆಲ್ಲ ನೆಂಟರಲ್ಲವಲ್ಲ.

ಮರ ಕೊರೆಯುವ ಹುಳು ತನಗರಿವಿಲ್ಲದೆ ಒಂದು ಅಕ್ಷರದ ಆಕಾರ ಕೊರೆದರೆ ಹುಳುವಿಗೆ ಅಕ್ಷರ ಬಂತೆನ್ನುವುದಿಲ್ಲ. ಘುಣಾಕ್ಷರ ನ್ಯಾಯ ಎನ್ನುವುದು ಇದಕ್ಕೇ. ಹಾಗಾದರೆ ಸೂಟರ್ ಅವರದೂ ಹುಳುವಿನ ಬರಹವೇ? ಅಲ್ಲ ಎಂದು ನನಗನ್ನಿಸುತ್ತದೆ. ಅವರು ಒಂದು ಆಕಾರವನ್ನಲ್ಲ, ಹಲವನ್ನು ಒಟ್ಟಿಗೆ ಇಟ್ಟು ಓದಿದ್ದರು. ಓದುವುದಕ್ಕೆ ಕಾರಣವನ್ನೂ ಕೊಟ್ಟಿದ್ದರು. ಆದರೂ ಅವರ ಬಳಿ ಇದ್ದದ್ದು ಸಾಕ್ಷ್ಯ, ನಿರ್ಣಯವಲ್ಲ. ನಿರ್ಣಯ ಬರಲು ನ್ಯೂಟ್ರಾನ್ ಬರಬೇಕಿತ್ತು. ಅದು ಚದುರುವುದು ಪರಮಾಣುವಿನ ನಡುವಿನ ಬೀಜದಿಂದ, ಹಾಗಾಗಿ ಹೈಡ್ರೋಜನ್ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ.

ಹಾಗಿದ್ದರೆ ಡೊನೊಹ್ಯೂ ಮಾಡಿದ ತಪ್ಪೇನು?

*

ಇದಕ್ಕೆ ಉತ್ತರದ ದಾರಿ ತೋರಿಸಿದ್ದು ನನ್ನ ಹಾಸ್ಟೆಲ್ ಕೋಣೆಯ ಗೆಳತಿ. ಅವಳದು ಸಂಸ್ಕೃತ ವಿಭಾಗ, ವೇದಾಂತದ ಮೇಲೆ ಸಂಶೋಧನೆ. ಮೆಸ್ಸಿನಲ್ಲಿ ಚಿತ್ರಾನ್ನ ತಿನ್ನುತ್ತಾ ಈ ಕಥೆ ಹೇಳಿದೆ. ಅವಳು ನಕ್ಕಳು. “ಇದು ನಮ್ಮಲ್ಲಿ ಹಳೇ ಜಗಳ ಕಣೇ. ‘ಇಲ್ಲ’ ಅಂತ ಗೊತ್ತಾಗೋದು ಹೇಗೆ ಅನ್ನೋದರ ಮೇಲೇ ಪುಟಗಟ್ಟಲೆ ಬರೆದಿದ್ದಾರೆ.”

ಅವಳು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ಗೊತ್ತಾಗುತ್ತದೆ. ಇಲ್ಲದ ಗಡಿಗೆ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಗೊತ್ತಾದದ್ದು ಹೇಗೆ? ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಇದಕ್ಕೆ ಒಂದು ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ್ದಾರೆ, ಅದು ಅನುಪಲಬ್ಧಿ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ. ಆದರೆ ಅದಕ್ಕೊಂದು ಕಟ್ಟಳೆ ಇದೆ. ಇದ್ದಿದ್ದರೆ ಕಾಣುತ್ತಿತ್ತು ಎನ್ನುವಂಥ ಪರಿಸ್ಥಿತಿ ಇರಬೇಕು. ಅದು ಯೋಗ್ಯಾನುಪಲಬ್ಧಿ. ‘ವೇದಾಂತ ಪರಿಭಾಷಾ’ ಎಂಬ ಗ್ರಂಥದಲ್ಲಿ ಧರ್ಮರಾಜಾಧ್ವರೀಂದ್ರ ಇದನ್ನು ಬೆಳಕಿನ ಉದಾಹರಣೆ ಕೊಟ್ಟು ಚರ್ಚಿಸುತ್ತಾನೆ. ಚೆನ್ನಾಗಿ ಬೆಳಕು ಬಿದ್ದ ನೆಲದಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲ. ಕತ್ತಲಲ್ಲಿ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

“ಕರೆಂಟ್ ಹೋದಾಗ ಚಪ್ಪಲಿ ಕಾಣಲಿಲ್ಲ ಅಂದ್ರೆ ಚಪ್ಪಲಿ ಕಳವಾಯ್ತು ಅಂತೀಯಾ?” ಎಂದು ಕೇಳಿ ಅವಳು ತಟ್ಟೆ ತೊಳೆಯಲು ಎದ್ದುಹೋದಳು.

ನಾನು ಅಲ್ಲೇ ಕೂತೆ. ಸೂಟರ್ ಮತ್ತು ಡೊನೊಹ್ಯೂ ಇಬ್ಬರೂ ನಿಂತಿದ್ದದ್ದು ಒಂದೇ ಮಬ್ಬುಗತ್ತಲಿನ ಕೋಣೆಯಲ್ಲಿ. ಒಬ್ಬರು, ಇಲ್ಲಿ ಏನೋ ಕಾಲಿಗೆ ತಾಗಿದಂತಿದೆ ಎಂದರು. ಇನ್ನೊಬ್ಬರು, ಇಲ್ಲಿ ಏನೂ ಇಲ್ಲ ಎಂದರು. ಸೂಟರ್ ಅವರ ಮಾತಿಗೆ ಮಬ್ಬಿನಲ್ಲೂ ಸ್ವಲ್ಪ ಆಧಾರವಿತ್ತು. ಡೊನೊಹ್ಯೂ ಅವರ ಮಾತಿಗೆ ಬೇಕಾದದ್ದು ಪೂರ್ತಿ ಬೆಳಕು, ಅದು ಅವರ ಬಳಿ ಇರಲಿಲ್ಲ. ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ ಎಂಬುದು ಸೂಟರ್ ಅವರ ‘ಇದೆ’ಯನ್ನು ಎಷ್ಟು ದುರ್ಬಲಗೊಳಿಸುತ್ತದೋ ಡೊನೊಹ್ಯೂ ಅವರ ‘ಇಲ್ಲ’ವನ್ನೂ ಅಷ್ಟೇ ದುರ್ಬಲಗೊಳಿಸುತ್ತದೆ. ಆ ಸಾಕ್ಷ್ಯದಿಂದ ಅವರಿಗೆ ನ್ಯಾಯವಾಗಿ ಸಿಗುತ್ತಿದ್ದ ತೀರ್ಮಾನ ‘ಇನ್ನೂ ಗೊತ್ತಿಲ್ಲ’ ಎಂಬುದು. ಅವರು ಅದನ್ನು ದಾಟಿ ಒಂದು ಹೆಜ್ಜೆ ಮುಂದೆ ಇಟ್ಟರು.

ಹೀಗೆ ನೋಡಿದಾಗ 1982ರ ಫಲಿತಾಂಶ ಈ ನೈತಿಕ ಪ್ರಶ್ನೆಗೆ ಬೇಕಾಗಿಯೇ ಇಲ್ಲ ಎಂದು ನನಗೆ ಹೊಳೆಯಿತು. ಟೇಲರ್ ಮತ್ತು ಕೆನ್ನಾರ್ಡ್ ಅವರಿಗೆ ಅಂಥ ಬಂಧ ಒಂದೂ ಸಿಗದೇ ಹೋಗಿದ್ದರೂ 1968ರ ‘ಇಲ್ಲ’ ಅವಸರದ್ದೇ ಆಗಿರುತ್ತಿತ್ತು. ಗೆದ್ದವರಿಗೆ ಅನ್ಯಾಯವಾಗಿತ್ತು ಎಂದು ಮರುಗುವುದು ಸುಲಭ. ಸೋಲಬಹುದಾಗಿದ್ದವರಿಗೂ ಅದೇ ನ್ಯಾಯ ಸಲ್ಲಬೇಕಿತ್ತು ಎಂದು ಒಪ್ಪುವುದು ಕಷ್ಟ.

*

ಒಂದು ಆಕ್ಷೇಪ ಬರುತ್ತದೆ, ಬರಬೇಕು. ಪ್ರತಿಯೊಂದು ‘ಇಲ್ಲ’ಕ್ಕೂ ಪೂರ್ತಿ ಬೆಳಕು ಬೇಕೆಂದರೆ ವಿಜ್ಞಾನ ನಡೆಯುವುದು ಹೇಗೆ? ಕಾಣದ್ದನ್ನೆಲ್ಲ ಇರಬಹುದು ಎನ್ನುತ್ತಾ ಕೂತರೆ ಪವಾಡ ಮಾಡುವವರಿಗೂ ವಾಟ್ಸಾಪ್ ವೈದ್ಯರಿಗೂ ಬಾಗಿಲು ತೆರೆದಂತಾಗುವುದಿಲ್ಲವೇ?

ಆಗುವುದಿಲ್ಲ. ಅಲ್ಲಿ ಹೆಚ್ಚಿನದಕ್ಕೆ ಬೆಳಕು ಇದೆ. ಒಂದು ಔಷಧಿ ಕೆಲಸ ಮಾಡಿದರೆ ಇಂಥ ಕಡೆ ಇಂಥದ್ದು ಕಾಣಬೇಕು ಎಂದು ಗೊತ್ತಿದೆ. ನೋಡಿದ್ದೇವೆ, ಕಾಣಲಿಲ್ಲ. ಅಲ್ಲಿ ‘ಇಲ್ಲ’ ಎನ್ನುವ ಹಕ್ಕು ದುಡಿದು ಪಡೆದದ್ದು. ನನ್ನ ತಕರಾರು ‘ಇಲ್ಲ’ದ ಮೇಲಲ್ಲ, ಪುಕ್ಕಟೆ ‘ಇಲ್ಲ’ದ ಮೇಲೆ.

ತಪ್ಪು ‘ಇದೆ’ಗೂ ತಪ್ಪು ‘ಇಲ್ಲ’ಕ್ಕೂ ಇನ್ನೊಂದು ವ್ಯತ್ಯಾಸವಿದೆ. ‘ಇದೆ’ ಎಂದು ತಪ್ಪಾಗಿ ಹೇಳಿದರೆ ಹತ್ತು ಜನ ಹುಡುಕಲು ಹೊರಡುತ್ತಾರೆ, ಸಿಗುವುದಿಲ್ಲ, ತಪ್ಪು ಬಯಲಾಗುತ್ತದೆ. ‘ಇಲ್ಲ’ ಎಂದು ತಪ್ಪಾಗಿ ಹೇಳಿದರೆ ಹುಡುಕುವವರೇ ಮನೆಗೆ ಹೋಗುತ್ತಾರೆ. ತನ್ನನ್ನು ತಿದ್ದಬಹುದಾದ ಕೈಗಳನ್ನೇ ಅದು ಕಟ್ಟಿಹಾಕುತ್ತದೆ. ಅದರಲ್ಲೂ ಹೇಳುವವರು ದೊಡ್ಡವರಾಗಿ, ಕೇಳುವವರು ಚಿಕ್ಕವರಾಗಿದ್ದರೆ.

ಒಳ್ಳೆಯ ‘ಇಲ್ಲ’ ಹೇಗಿರುತ್ತದೆ ಎಂಬುದಕ್ಕೂ ನನ್ನ ಕ್ಷೇತ್ರದಲ್ಲೇ ಮಾದರಿ ಇದೆ. 1997ರಲ್ಲಿ ಜ್ಯಾಕ್ ಡುನಿಟ್ಜ್ ಮತ್ತು ಅದೇ ರಾಬಿನ್ ಟೇಲರ್ ಇನ್ನೊಂದು ಲೇಖನ ಬರೆದರು. ಕಾರ್ಬನ್ನಿಗೆ ಅಂಟಿದ ಫ್ಲೋರಿನ್, ಆಕ್ಸಿಜನ್ ಅಥವಾ ನೈಟ್ರೋಜನ್ನಿನ ಮೇಲಿನ ಹೈಡ್ರೋಜನ್ನಿನೊಂದಿಗಾದರೂ ಬಂಧ ಮಾಡುತ್ತದೆಯೇ ಎಂಬುದು ಪ್ರಶ್ನೆ. ಸಾವಿರಾರು ಫ್ಲೋರಿನ್‌ಗಳ ನೆರೆಹೊರೆಯನ್ನು ದತ್ತಸಂಚಯದಲ್ಲಿ ಜಾಲಾಡಿದರು. ಅನುಮಾನಿಸಬಹುದಾದ ಪ್ರಕರಣಗಳು ನೂರಕ್ಕೆ ಒಂದೂ ಇರಲಿಲ್ಲ. ಅಷ್ಟು ನೋಡಿದ ಮೇಲೂ ಅವರು ಶೀರ್ಷಿಕೆಯಲ್ಲಿ ‘ಎಂದೂ ಇಲ್ಲ’ ಎನ್ನಲಿಲ್ಲ. ‘ತೀರಾ ಅಪರೂಪ’ ಎನ್ನುವ ಅರ್ಥದ ಮಾತನ್ನು ಇಟ್ಟರು.

ನಾನು ಆ ಹುಡುಗಿಗೆ “ಫ್ಲೋರಿನ್ ಹಂಗೆಲ್ಲ ಮಾಡಲ್ಲ” ಎಂದಾಗ ನನ್ನ ತಲೆಯಲ್ಲಿದ್ದದ್ದು ಇದೇ ಲೇಖನ. ಅವಳ ಹೈಡ್ರೋಜನ್ ಕಾರ್ಬನ್ನಿನ ಮೇಲಿತ್ತು, ಅಂದರೆ ಇನ್ನೂ ದುರ್ಬಲ. ಆದರೆ ಸಾವಿರಾರು ಉದಾಹರಣೆ ನೋಡಿದವರು ‘ಅಪರೂಪ’ ಎಂದದ್ದನ್ನು, ಒಂದನ್ನೂ ಸರಿಯಾಗಿ ನೋಡದ ನಾನು ‘ಇಲ್ಲ’ ಮಾಡಿ ಅವಳ ಕೈಗಿಟ್ಟಿದ್ದೆ. ಸೂಟರ್ ಕಥೆಯನ್ನು ಓದಿ ಗಂಡಸರ ಲೋಕ ಹೀಗೆಯೇ ಎಂದು ನಿಟ್ಟುಸಿರು ಬಿಡಲೂ ನನಗೆ ದಾರಿಯಿಲ್ಲ. ನಾನೂ ಹೆಣ್ಣೇ. ಅಲ್ಲಿ ಕೆಲಸ ಮಾಡಿದ್ದು ಮೇಜಿನ ಈಚೆ ಕೂತವರಿಗೂ ಆಚೆ ನಿಂತವರಿಗೂ ಇರುವ ವ್ಯತ್ಯಾಸ. ಇನ್ನೂ ನಿಜ ಹೇಳಬೇಕೆಂದರೆ, ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿದ್ದದ್ದು ‘ನನಗೀಗ ಪುರುಸೊತ್ತಿಲ್ಲ’ ಎಂಬ ಮಾತು. ಹಾಗೆಂದು ಹೇಳಿದ್ದರೆ ಅದು ಪ್ರಾಮಾಣಿಕವಾಗಿರುತ್ತಿತ್ತು. ಪುರುಸೊತ್ತಿಲ್ಲದಿರುವುದಕ್ಕೆ ನಾನು ಜ್ಞಾನದ ಅಂಗಿ ತೊಡಿಸಿದೆ.

*

ಈ ವರ್ಷ ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಬರೆಯುವಾಗ ನನ್ನದೇ ಎರಡು ಸಂಯುಕ್ತಗಳಲ್ಲಿ ಅಂಥದ್ದೇ ಸಾಮೀಪ್ಯ ಕಂಡಿತು. ಅದೇ ಕಾರ್ಬನ್, ಅದೇ ಫ್ಲೋರಿನ್, ಹೆಚ್ಚುಕಡಿಮೆ ಅದೇ ದೂರ. ಬಂಧವೋ ಅಲ್ಲವೋ ಹೇಳಲು ಇನ್ನೂ ಕಡಿಮೆ ಉಷ್ಣತೆಯಲ್ಲಿ, ಇನ್ನೂ ಉತ್ತಮ ಹರಳಿನಲ್ಲಿ ಅಳೆಯಬೇಕು. ಅವಳ ಸಂಯುಕ್ತವೂ ಸೇರಿದರೆ ಮೂರಾಗುತ್ತದೆ. ಲೇಖನದ ಕರಡಿನಲ್ಲಿ ಅವಳ ಹೆಸರನ್ನು ಸಹಲೇಖಕಿಯಾಗಿ ಹಾಕಿ ಮಾರ್ಗದರ್ಶಕರಿಗೆ ಕಳಿಸಿದೆ. ಅವಳು ಆ ವಾದವನ್ನು ಬಿಟ್ಟುಬಿಟ್ಟಿದ್ದಳಲ್ಲ, ಕೃತಜ್ಞತೆಯ ಸಾಲಿನಲ್ಲಿ ಸೇರಿಸಿದರೆ ಸಾಲದೇ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವಳಾಗಿ ಬಿಡಲಿಲ್ಲ ಸರ್, ನಾನು ಬಿಡಿಸಿದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರು ಇರಲಿ ಎಂದರು.

ಒಪ್ಪಿಗೆ ಕೇಳಲು ಅವಳಿಗೆ ಫೋನ್ ಮಾಡಿದೆ. ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು. ಹಿಂದೆ ಹಾರ್ನ್‌ಗಳ ಸದ್ದು.

“ಹಾಗಾದ್ರೆ ಅದು ಬಾಂಡೇನಾ ಅಕ್ಕ?”

“ಗೊತ್ತಿಲ್ಲ ಕಣೇ. ಇನ್ನೂ ನೋಡಬೇಕು.”

ಅವಳು ನಕ್ಕಳು. ಅದರಲ್ಲಿ ಸಿಟ್ಟೇನೂ ಇರಲಿಲ್ಲ.

“ಆವತ್ತೂ ಹೀಗೇ ಗೊತ್ತಿಲ್ಲ ಅಂದಿದ್ರೆ ನಾನೇ ಇನ್ನೊಂದು ಹರಳು ಬೆಳೆಸ್ತಿದ್ದೆ.”

ಬಸ್ಸು ಬಂತೇನೋ, ಆಮೇಲೆ ಮಾಡ್ತೀನಿ ಎಂದು ಇಟ್ಟಳು. ಅವಳ ಕೈಬರಹದ ಚೀಟಿ ಅಂಟಿಸಿದ ಚಿಕ್ಕ ಶೀಶೆ ನಮ್ಮ ಲ್ಯಾಬಿನ ಕಪಾಟಿನಲ್ಲಿ ಇನ್ನೂ ಇತ್ತು, ತಳದಲ್ಲಿ ಒಂದು ಚಿಟಿಕೆಯಷ್ಟು ಬಿಳಿ ಪುಡಿ. ಅದನ್ನು ಎಥನಾಲ್‌ನಲ್ಲಿ ಕರಗಿಸಿ, ಬಾಯಿಗೆ ಸೂಜಿತೂತಿನ ಹಾಳೆ ಸುತ್ತಿ ಇಟ್ಟಿದ್ದೇನೆ. ಹನ್ನೊಂದು ದಿನವಾಯಿತು. ಹರಳು ಇನ್ನೂ ಬಂದಿಲ್ಲ.